ಮಂಡಿ ಮಹಡಿಯ ಸೋದರರು

ಸೋದರ ಮಂಡಳಿಗೆ ಹತ್ತು ವರ್ಷ ತುಂಬಿದಾಗ ಅಚ್ಚು ಹಾಕಿಸಿದ ಸಣ್ಣ ಪುಸ್ತಕವೊಂದು ಈಗಲೂ ನನ್ನ ಬಳಿ ಇದೆ. ಅದರ ಎರಡನೇ ಪುಟದಲ್ಲಿ, ಕಡೂರಿನಲ್ಲಿ ಹುಟ್ಟಿದ ಮಂಡಳಿಯು ಸ್ಥಳಾಭಾವದ ಕಾರಣ ತರೀಕೆರೆಗೆ ಹೋಗಬೇಕಾಯಿತು ಎಂದು ಬರೆದಿದೆ. ಬರೆದವರು ನನ್ನ ಗಂಡ. ಸುಳ್ಳೆಂದು ಗೊತ್ತಿದ್ದೇ ಬರೆದರು. ಕಡೂರಿನಲ್ಲಿ ಸ್ಥಳಕ್ಕೇನೂ ಕೊರತೆ ಇರಲಿಲ್ಲ. ಮಂಡಳಿ ಕಡೂರು ಬಿಟ್ಟದ್ದು ನನ್ನ ಹೊಟ್ಟೆಕಿಚ್ಚಿನಿಂದ. ಈ ಸಂಗತಿ ಗೊತ್ತಿದ್ದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ. ಅದಕ್ಕೇ ಬರೆದಿಡುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡ ಕಡೂರು ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತರು. ನಾನು ಪ್ರೈಮರಿ ಸ್ಕೂಲಿನ ಟೀಚರ್. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಅವರು ಮಾತು ಕಮ್ಮಿಯ ಮನುಷ್ಯ, ಆದರೆ ಆಡುತ್ತಿದ್ದ ನಾಲ್ಕು ಮಾತು ನನ್ನ ಹತ್ತಿರ ಆಡುತ್ತಿದ್ದರು. ಸಂಜೆ ಬಂದು ಕೈಕಾಲು ತೊಳೆದು ಅಡುಗೆಮನೆ ಹೊಸಿಲ ಮೇಲೆ ಕೂತರೆ, ಅವತ್ತು ಯಾವ ವ್ಯಾಗನ್ನು ಬಂತು, ಯಾರ ಕೊಬ್ಬರಿ ಮೂಟೆ ಹರಿದಿತ್ತು, ಸ್ಟೇಷನ್ ಮಾಸ್ಟರ್ ಯಾಕೆ ಕೂಗಾಡಿದರು, ಎಲ್ಲಾ ನನಗೆ ಬರುತ್ತಿತ್ತು. ನಾನು ಗೂಡ್ಸ್ ಶೆಡ್ಡಿನೊಳಗೆ ಒಮ್ಮೆಯೂ ಕಾಲಿಟ್ಟವಳಲ್ಲ, ಆದರೂ ಅಲ್ಲಿನ ತಕ್ಕಡಿ ಯಾವ ಕಡೆಗೆ ವಾಲುತ್ತದೆ ಎಂದು ನನಗೆ ತಿಳಿದಿತ್ತು. ನಮ್ಮದು ಗುಟ್ಟಿಲ್ಲದ ಸಂಸಾರ ಎಂದು ನನಗೆ ಒಳಗೊಳಗೇ ಜಂಬ.

ಒಂದು ದಿನ ಆ ಶೆಡ್ಡಿಗೆ ಚಿನ್ನದ ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಬಂದರು. ಹುಟ್ಟಿದೂರಿನಲ್ಲಿ ಉಳಿದ ದಿನ ಕಳೆಯೋಣ ಎಂದು ಕಡೂರಿಗೆ ಮರಳಿದವರು. ಅವರ ಮನೆಸಾಮಾನು ರೈಲಿನಲ್ಲಿ ಬಂದಿತ್ತು. ಪಾತ್ರೆ ಪೆಟ್ಟಿಗೆಗಳ ನಡುವೆ ಒಂದು ಎತ್ತರ ಬೆನ್ನಿನ ಮರದ ಕುರ್ಚಿ. ನನ್ನ ಗಂಡ, ಇಷ್ಟೆತ್ತರದ ಕುರ್ಚಿ ಯಾರಿಗೆ ಸ್ವಾಮಿ, ಎಂದು ಕೇಳಿದರಂತೆ. ಆ ಹಿರಿಯರು ಅಲ್ಲೇ ಮೂಟೆಯ ಮೇಲೆ ಕೂತು ಕಥೆ ಹೇಳಿದರಂತೆ. ಗಣಿಯಲ್ಲಿ ಇಂಗ್ಲಿಷರ ಕಾಲದಿಂದ ಒಂದು ಸೋದರರ ಸಂಘವಿತ್ತು. ಅದನ್ನು ಲಾಡ್ಜ್ ಎನ್ನುತ್ತಿದ್ದರು. ಸೇರಿದವರೆಲ್ಲ ಒಬ್ಬರಿಗೊಬ್ಬರು ಅಣ್ಣತಮ್ಮಂದಿರು. ಕಷ್ಟಕ್ಕೆ ನಿಲ್ಲಬೇಕು, ಕೇಳಿದ್ದನ್ನು ಹೊರಗೆ ಆಡಬಾರದು. ಗಣಿಯ ಕೆಲಸ ಕುಗ್ಗಿ, ಸಂಘ ಮುಚ್ಚಿದಾಗ ಆ ಕುರ್ಚಿಯನ್ನು ಇವರು ಕೇಳಿ ತಂದಿದ್ದರು.

ಅದೇ ವರ್ಷ ಕಡೂರಿನಲ್ಲೂ ಅಂಥದ್ದೊಂದು ಹುಟ್ಟಿತು. ಒಂಬತ್ತು ಜನ. ಗಣಿಯಿಂದ ಬಂದ ಆ ಹಿರಿಯರೇ ಹಿರಿಯಣ್ಣ, ಎಂದರೆ ಅಧ್ಯಕ್ಷರು, ನನ್ನ ಗಂಡ ಕಾರ್ಯದರ್ಶಿ. ಕೊಬ್ಬರಿ ಮಂಡಿಯ ಸಾಹುಕಾರರು ತಮ್ಮ ಮಂಡಿಯ ಮೇಲಿನ ಕೋಣೆ ಬಿಟ್ಟುಕೊಟ್ಟರು. ತರೀಕೆರೆಯಿಂದ ಗಡಿಯಾರ ರಿಪೇರಿಯ ಸಾಹೇಬರೊಬ್ಬರು ಬಸ್ಸಿನಲ್ಲಿ ಬರುತ್ತಿದ್ದರು. ಎಮ್ಮೆದೊಡ್ಡಿ ಕಡೆಯಿಂದ ರೈತರೊಬ್ಬರು ಸೈಕಲ್ ತುಳಿದು ಬರುತ್ತಿದ್ದರು, ಊರಿನ ಪೋಸ್ಟ್ ಮಾಸ್ಟರೂ ಇದ್ದರು. ಮೆಟ್ಟಿಲ ಕೆಳಗೆ ಚಪ್ಪಲಿಯ ಜೊತೆಗೇ ಜಾತಿಯನ್ನೂ ಬಿಟ್ಟು ಹತ್ತಬೇಕು ಎನ್ನುವುದು ಹಿರಿಯಣ್ಣನ ಮೊದಲ ನಿಯಮ. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಸೇರುವುದು, ಐದೂವರೆಗೆ ಏಳುವುದು. ಆ ಎತ್ತರದ ಕುರ್ಚಿಯ ಮೇಲೆ ಸರದಿಯಂತೆ ಕೂತು, ಬೇರೆಲ್ಲೂ ಹೇಳಲಾಗದ್ದನ್ನು ಹೇಳಬಹುದು. ಆ ಮಾತು ಮೆಟ್ಟಿಲು ಇಳಿಯಬಾರದು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಗೊತ್ತಾದದ್ದು ಪಕ್ಕದ ಮನೆಯಾಕೆಯಿಂದ. ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು, ಧ್ವನಿ ತಗ್ಗಿಸಿ ಕೇಳಿದಳು.

"ಟೀಚರಮ್ಮ, ತಪ್ ತಿಳ್ಕೋಬೇಡಿ. ನಿಮ್ಮೆಜಮಾನ್ರು ಭಾನ್ವಾರ ಭಾನ್ವಾರ ಲಾಡ್ಜಿಗೆ ಹೋಯ್ತಾರಂತಲ್ಲ?"

ನಮ್ಮ ಕಡೆ ಲಾಡ್ಜು ಅಂದರೆ ಬಸ್‌ಸ್ಟ್ಯಾಂಡಿನ ಎದುರು ರೂಮು ಬಾಡಿಗೆಗೆ ಕೊಡುವ ಜಾಗ. ಅವತ್ತು ಸ್ಕೂಲಿನಲ್ಲಿ ಮಗ್ಗಿ ಹೇಳಿಕೊಡುತ್ತಾ ಏಳೆಂಟ್ಲ ಎಷ್ಟು ಎಂದು ನಾನೇ ಮರೆತೆ. ಸಂಜೆ ಗಂಡ ಬಂದ ಕೂಡಲೇ ಕೇಳಿದೆ. ಅವರು ಎಂದೂ ನಗದಷ್ಟು ನಕ್ಕರು. ಮುಂದಿನ ವಾರವೇ ಮಂಡಳಿಯವರು ಲಾಡ್ಜ್ ಎಂಬ ಪದವನ್ನು ಕೈಬಿಟ್ಟು ಸೋದರ ಮಂಡಳಿ ಎಂದು ಹೆಸರು ಬದಲಿಸಿದರು. ಬೇರೆ ಹೆಂಗಸಿಲ್ಲ ಎಂದು ತಿಳಿದು ನನಗೆ ಸಮಾಧಾನವಾಗಬೇಕಿತ್ತು.

"ಅಲ್ಲಿ ಏನ್ ಮಾಡ್ತೀರಿ?" ಎಂದೆ.

"ಕೂತ್ಕೋತೀವಿ."

"ಕೂತ್ಕೊಂಡು?"

"ಮಾತಾಡ್ತೀವಿ."

"ಏನ್ ಮಾತು?"

"ಅದನ್ನ ಹೇಳೋ ಹಾಗಿಲ್ಲ ಕಣೇ. ಮಾತು ಕೊಟ್ಟಿದ್ದೀನಿ."

"ನನಗೂ ಕೊಟ್ಟಿದ್ರಿ, ಧಾರೆ ಎರೆಯೋವಾಗ."

ಅವರು ಹೊಸಿಲಿನಿಂದ ಎದ್ದು ಹೊರಗೆ ಹೋದರು. ನಮ್ಮ ಮನೆಯಲ್ಲಿ ಅದು ಮೊದಲ ಮುಚ್ಚಿದ ಬಾಗಿಲು.

ಬೇರೆ ಹೆಂಗಸಾಗಿದ್ದರೆ ಜಗಳವಾಡಬಹುದಿತ್ತು, ತವರಿಗೆ ಹೋಗಬಹುದಿತ್ತು, ನಾಲ್ಕು ಜನ ನನ್ನ ಪರವಾಗಿ ಮಾತಾಡುತ್ತಿದ್ದರು. ಎಂಟು ಜನ ಗಂಡಸರ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಯಾರ ಹತ್ತಿರ ಹೇಳುವುದು? ಭಾನುವಾರ ಬಂತೆಂದರೆ ಅವರು ಊಟವಾದ ಮೇಲೆ ಇನ್ನೊಮ್ಮೆ ಗಡ್ಡ ಹೆರೆದುಕೊಳ್ಳುವರು. ಒಗೆದ ಪಂಚೆಯನ್ನೇ ಉಡುವರು. ಮಂಡಳಿಯ ಗುರುತಾದ ನೀಲಿ ಬಟ್ಟೆಯ ಪಟ್ಟಿಯೊಂದನ್ನು ಮಡಿಸಿ ಜೇಬಿಗಿಟ್ಟುಕೊಳ್ಳುವರು. ಅದನ್ನು ಒಗೆದು ಇಸ್ತ್ರಿ ಮಾಡುತ್ತಿದ್ದವಳು ನಾನೇ, ಹೆಗಲಿಗೆ ಹಾಕಿಕೊಂಡದ್ದನ್ನು ನೋಡಿದವರು ಮಾತ್ರ ಆ ಎಂಟು ಜನ. ಸಾರಿಗೆ ಹುಳಿ ಹೆಚ್ಚಾಯಿತು ಎನ್ನುವಾಗಲೂ ಅವರ ತುಟಿಯಲ್ಲಿ ಯಾವುದೋ ನೆನಪಿನ ನಗು ಇರುತ್ತಿತ್ತು. ಆ ನಗು ನನ್ನದಲ್ಲ ಎಂದು ನನಗೆ ಗೊತ್ತಿತ್ತು. ಮೂರು ವರ್ಷದಿಂದ ನಶ್ಯ ಬಿಡಿ ಎಂದು ನಾನು ಬಡಿದುಕೊಳ್ಳುತ್ತಿದ್ದೆ. ಅಲ್ಲಿ ಯಾರೋ ಒಬ್ಬ ಸೋದರ ಒಂದೇ ಒಂದು ಸಲ ಹೇಳಿದ್ದಕ್ಕೆ ಡಬ್ಬಿಯನ್ನು ರೈಲುಕಂಬಿಯ ಆಚೆ ಎಸೆದು ಬಂದರು. ಅವತ್ತು ನಾನು ಖುಷಿಪಡಬೇಕಿತ್ತು. ನಶ್ಯ ಹಾಕಿಕೊಂಡೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸಾಹುಕಾರರ ಹೆಂಡತಿ ನನಗೆ ಅಕ್ಕನ ಹಾಗೆ ಇದ್ದವರು. ಮಂಡಿಯ ಹಿಂದೆಯೇ ಅವರ ಮನೆ. ಮಠಕ್ಕೆ ನಡೆದುಕೊಳ್ಳುವ ದೊಡ್ಡ ಕುಟುಂಬ, ಹಣೆತುಂಬ ವಿಭೂತಿ, ಬಾಯಿತುಂಬ ಮಾತು. ಒಂದು ಸಲ ಅವರ ಜಗಲಿಯಲ್ಲಿ ಕೂತಿದ್ದಾಗ ಹೇಳಿದರು.

"ನಿಮ್ಮೋರು ಏನ್ ಚೆಂದ ಹಾಡ್ತಾರಂತೆ ಕಣ್ರೀ! ಅವ್ರ ಹಾಡು ಕೇಳಿ ಬಂದ್ ದಿನ ನಮ್ಮೋರಿಗೆ ಊಟನೇ ಬೇಡ್ವಂತೆ. ನೀವು ಪುಣ್ಯ ಮಾಡಿದ್ರಿ ಬಿಡಿ, ದಿನಾ ಕೇಳ್ತೀರಿ."

ನಾನು ನಕ್ಕೆ. "ಹೂಂ ಅಕ್ಕಾ," ಎಂದೆ. ಒಂಬತ್ತು ವರ್ಷದಲ್ಲಿ ನನ್ನ ಗಂಡ ಒಂದು ಸಾಲು ಗುನುಗಿದ್ದನ್ನೂ ನಾನು ಕೇಳಿರಲಿಲ್ಲ. ಅವರಿಗೆ ಹಾಡು ಬರುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ, ಗಡಿಯಾರದ ಸಾಹೇಬರು ಕೇಳಿದ್ದಾರೆ, ಎಮ್ಮೆದೊಡ್ಡಿಯ ರೈತ ಕೇಳಿದ್ದಾನೆ, ಪೋಸ್ಟ್ ಮಾಸ್ಟರ್ ಕೇಳಿದ್ದಾರೆ, ನಾನು ಕೇಳಿಲ್ಲ, ಎಂದು ಲೆಕ್ಕ ಹಾಕುತ್ತಾ ಬಂದೆ. ಮನೆಯಲ್ಲಿ ಕೇಳಲೂ ಬಿಗುಮಾನ. ಕೇಳಿ ಹಾಡಿಸಿಕೊಂಡರೆ ಅದು ಆ ಸೋದರರಿಗೆ ಹಾಡಿದಂತೆ ಆಗುವುದಿಲ್ಲವಲ್ಲ.

ಆ ಬೇಸಿಗೆಯಲ್ಲಿ ಅಕ್ಕ ಅಕ್ಕಿಸಂಡಿಗೆ ಹಾಕಲು ಕರೆದರು. ಭಾನುವಾರ. ಅವರ ಮನೆಯ ಮಹಡಿ ಮತ್ತು ಮಂಡಿಯ ಮಹಡಿ ಒಂದಕ್ಕೊಂದು ಅಂಟಿಕೊಂಡಿದ್ದವು. ಮಂಡಳಿಯ ಕೋಣೆಯ ಹಿಂದಿನ ಕಿಟಕಿ ಈ ಕಡೆಗೆ ತೆರೆಯುತ್ತಿತ್ತು. ಸಂಡಿಗೆ ಹಾಕಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. "ನೀವು ಕೆಳಗೆ ಹೋಗಿ ಒರಗಿಕೊಳ್ಳಿ ಅಕ್ಕಾ, ಕಾಗೆ ನಾನು ಕಾಯ್ತೀನಿ," ಎಂದೆ. ಅವರು ಇಳಿದು ಹೋದರು. ನಾನು ಕೋಲು ಹಿಡಿದುಕೊಂಡು ಆ ಕಿಟಕಿಯ ಕೆಳಗಿನ ನೆರಳಿನಲ್ಲಿ ಕೂತೆ. ನೆರಳು ಬೇರೆ ಕಡೆಯೂ ಇತ್ತು.

ಮೊದಲು ಹಾಡು ಬಂತು. ರಾಗಿ ಬೀಸುವ ಪದ. ನನ್ನ ಅತ್ತೆ ಹಾಡುತ್ತಿದ್ದದ್ದು. ಹೆಂಗಸರ ಪದವನ್ನು ನನ್ನ ಗಂಡ ನಾಚಿಕೆಪಡದೆ, ಕಲ್ಲು ತಿರುಗುವ ಲಯದಲ್ಲೇ ಹಾಡಿದರು. ದನಿ ದೊಡ್ಡದಲ್ಲ. ಆದರೂ ಅದು ಎಷ್ಟು ಮುಕ್ತವಾಗಿತ್ತೆಂದರೆ, ಇದು ಯಾರೋ ಬೇರೆಯವರು, ನನ್ನ ಜೊತೆ ಬಾಳುವೆ ಮಾಡುತ್ತಿರುವವರು ಇವರಲ್ಲ ಎನ್ನಿಸಿತು. ಕಣ್ಣಲ್ಲಿ ನೀರು ಬಂತು. ಸಂತೋಷಕ್ಕಲ್ಲ.

ಆಮೇಲೆ ಸಾಹುಕಾರರು ಮಾತಾಡಿದರು. "ನಿಮ್ಮುಂದೆ ಹೇಳ್ಬುಡ್ತೀನಿ. ನಂಗೆ ಓದಕ್ಕೆ ಬರಲ್ಲ. ಅಂಕಿ ಗೊತ್ತು, ರುಜು ಹಾಕ್ತೀನಿ, ಅಷ್ಟೇಯ. ಮನೇಲಿ ದಿನಾ ಪೇಪರ್ ಹಿಡ್ಕೊಂಡ್ ಕೂತ್ಕೋತೀನಿ. ಮಂಡೀಲಿ ಗುಮಾಸ್ತ ಓದಿದ್ದನ್ನ ಕೇಳ್ಕೊಂಡಿದ್ದು ಮನೇಲಿ ಹೇಳ್ತೀನಿ. ಇಪ್ಪತ್ ವರ್ಷ ಆಯ್ತು, ನನ್ ಹೆಂಡ್ತಿಗೆ ಗೊತ್ತಿಲ್ಲ." ಯಾರೂ ನಗಲಿಲ್ಲ. "ಕಲೀಬೋದು ಅಣ್ಣಾ, ಇನ್ನೂ ವಯಸ್ಸೈತೆ," ಎಂದು ಸಾಹೇಬರು ಮೆತ್ತಗೆ ಹೇಳಿದ್ದು ಕೇಳಿಸಿತು.

ಮೂರನೆಯದು ನನ್ನ ಗಂಡನ ಸರದಿ. ನಾನು ಏಳಬೇಕಿತ್ತು. ಏಳಲಿಲ್ಲ.

ಅವರು ನಮ್ಮ ಮೊದಲ ಮಗುವಿನ ಬಗ್ಗೆ ಹೇಳಿದರು. ನಾನು ಪಂಚನಹಳ್ಳಿ ಸ್ಕೂಲಿನಲ್ಲಿದ್ದಾಗ ಹುಟ್ಟಿದ ಹೆಣ್ಣುಮಗು. ಹೆಸರಿಡುವ ಮುಂಚೆಯೇ, ಒಂಬತ್ತನೇ ದಿನ ಜ್ವರ ಬಂದು ತೀರಿಕೊಂಡಿತು. ಅವತ್ತು ಮಣ್ಣು ಮಾಡಿ ಬಂದು ಸ್ನಾನ ಮಾಡಿದವರು, ಆ ಮಗುವಿನ ಮಾತನ್ನು ಮತ್ತೆ ಎತ್ತಿರಲಿಲ್ಲ. ಆಮೇಲೆ ಗಂಡುಮಗು ಹುಟ್ಟಿತು, ದಿನ ಕಳೆಯಿತು. ಇವರಿಗೆ ಮರೆತೇ ಹೋಗಿದೆ ಎಂದು ನಾನು ಎಷ್ಟೋ ಸಲ ಒಳಗೇ ಅವರನ್ನು ಬೈದುಕೊಂಡಿದ್ದೆ. ಈಗ ಗೋಡೆಯ ಆಚೆ ಅವರು, ಮಗುವಿನ ಕಿವಿಯ ಹಿಂದೆ ಇದ್ದ ಮಚ್ಚೆಯನ್ನು ಹೇಳುತ್ತಿದ್ದರು. "ನಾನು ಮನಸ್ನಲ್ಲೇ ಒಂದು ಹೆಸರಿಟ್ಟಿದ್ದೆ. ನನ್ನ ಹೆಂಡ್ತಿಗೂ ಹೇಳಿಲ್ಲ," ಎಂದರು. ಹೆಸರು ಹೇಳಿದರು. ಅತ್ತರು. ಯಾರೋ ಅವರ ಬೆನ್ನು ಸವರಿದಂತೆ ಬಟ್ಟೆಯ ಸದ್ದು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ಮಗಳ ಹೆಸರನ್ನು ನನಗೆ ಹೇಳುವ ಮೊದಲೇ ಎಂಟು ಜನಕ್ಕೆ ಹೇಳಿದರು ಎನ್ನುವುದನ್ನು ಮಾತ್ರ ಬರೆಯುತ್ತೇನೆ.

ಕೆಳಗಿಳಿದಾಗ ಅಕ್ಕ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಯಾಕ್ರೀ ಮುಖ ಹಿಂಗಾಯ್ತು? ಬಿಸ್ಲಾ?" ಎಂದರು.

"ಬಿಸಿಲೇ."

"ನಮ್ ಗಂಡಸ್ರು ಮೇಲೆ ಏನ್ ಅಷ್ಟೊತ್ತು ಮಾತಾಡ್ತಾರೋ ಕಾಣೆ. ನಮ್ಮೋರಂತೂ ನನ್ಹತ್ರ ಏನೂ ಮುಚ್ಚಲ್ಲ ಬಿಡಿ. ಬೆಳಿಗ್ಗೆ ಪೇಪರ್ ಓದಿ ದೇಶದ್ ಸಮಾಚಾರ ಎಲ್ಲಾ ಹೇಳ್ತಾರೆ. ನಿಮ್ಮೋರು ನಿಮ್ಗೇನೂ ಹೇಳಲ್ವಾ?"

ಆ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಈಗ ಯೋಚಿಸಿದರೆ ಅವರು ನನ್ನನ್ನು ಸಮಾಧಾನಪಡಿಸಲೆಂದೇ ಕೇಳಿರಬೇಕು. ಆದರೆ ನಾನು, "ಪೇಪರ್ ಎಲ್ಲಿಂದ ಓದ್ತಾರೆ ಅಕ್ಕಾ? ನಿಮ್ಮೋರಿಗೆ ಓದೋಕೇ ಬರಲ್ವಲ್ಲ!" ಎಂದುಬಿಟ್ಟೆ.

ಅವರ ಕೈಯಲ್ಲಿ ಸುಣ್ಣ ಹಚ್ಚಿದ ಎಲೆ ಹಾಗೇ ಉಳಿಯಿತು. ಯಾರು ಹೇಳಿದ್ದು ಎಂದು ಅವರು ಕೇಳಲಿಲ್ಲ. ಇಪ್ಪತ್ತು ವರ್ಷದ ಬೆಳಗುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದಂತೆ ನೆಲ ನೋಡುತ್ತಾ ಕೂತರು. ನನಗೆ ಒಂದು ಗಳಿಗೆ, ಒಂದೇ ಗಳಿಗೆ, ಹಾಯೆನಿಸಿತು. ನಾನೊಬ್ಬಳೇ ಹೊರಗಿಲ್ಲ, ನೀವೂ ಇದ್ದೀರಿ ಎಂದು.

ಮಾರನೆಯ ಬೆಳಿಗ್ಗೆ ಅಕ್ಕ ಪೇಪರನ್ನು ಗಂಡನ ಕೈಗೆ ಕೊಟ್ಟು, "ಇದೊಂದ್ ಸಾಲು ಓದಿ," ಎಂದರಂತೆ. ಸಾಹುಕಾರರು ಪೇಪರನ್ನು ಮಡಿಸಿಟ್ಟು, ಕಾಫಿಯನ್ನೂ ಕುಡಿಯದೆ ಮಂಡಿಗೆ ಹೋದರಂತೆ. ಮುಂದಿನ ಭಾನುವಾರ ಸೋದರರು ಬಂದಾಗ ಮೇಲಿನ ಕೋಣೆಗೆ ಬೀಗ. ಸಾಹುಕಾರರು ಮೆಟ್ಟಿಲ ಕೆಳಗೆ ನಿಂತಿದ್ದರು. "ನಿಮ್ಮಲ್ಲಿ ಯಾರೋ ಒಬ್ರು ಮೆಟ್ಲು ಇಳಿದ್ಮೇಲೆ ಬಾಯ್ ಬಿಟ್ಟವ್ರೆ. ಇನ್ಮೇಲೆ ಈ ಜಾಗ ಇಲ್ಲ," ಎಂದರು. ಕುರ್ಚಿಯನ್ನು ಮಾತ್ರ ಕೆಳಗಿಳಿಸಿ ಕೊಟ್ಟರು.

ಸೋದರರಲ್ಲಿ ಸಾಹುಕಾರರ ಮನೆಗೆ ಹೋಗಿಬರುವ ಹೆಂಡತಿ ಇದ್ದದ್ದು ಒಬ್ಬರಿಗೇ. ಎಲ್ಲರ ಕಣ್ಣೂ ನನ್ನ ಗಂಡನ ಮೇಲೆ ಬಿತ್ತು. ಹಿರಿಯಣ್ಣ ಕೇಳಿದರು. "ನಾನು ಹೇಳಿದ ನೆನಪಿಲ್ಲ. ಆದ್ರೆ ನನ್ನಿಂದ್ಲೇ ಆಗಿರ್ಬೇಕು," ಎಂದರಂತೆ ಇವರು. ನಿಜ ತಿಳಿಯುವವರೆಗೆ ಹೊರಗಿರಬೇಕು ಎಂದು ಹಿರಿಯಣ್ಣ ತೀರ್ಮಾನ ಕೊಟ್ಟರು. ಮಂಡಳಿ ಸದ್ಯಕ್ಕೆ ತರೀಕೆರೆಯಲ್ಲಿ, ಗಡಿಯಾರದ ಸಾಹೇಬರ ಅಂಗಡಿಯ ಮೇಲೆ ಸೇರುವುದೆಂದಾಯಿತು.

ಹೀಗೆ ನನ್ನ ಭಾನುವಾರಗಳು ನನಗೆ ವಾಪಸು ಬಂದವು. ಮೂರು ಗಂಟೆಗೆ ಅವರು ಮನೆಯಲ್ಲೇ ಇರುತ್ತಿದ್ದರು. ಮಂಚದ ಹಗ್ಗ ಬಿಗಿದರು. ಮಗನ ಸ್ಲೇಟಿಗೆ ಕಟ್ಟು ಹಾಕಿಸಿದರು. ಮಾಡುವ ಕೆಲಸವೆಲ್ಲ ಮುಗಿದ ಮೇಲೆ ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಗೂಡ್ಸ್ ಶೆಡ್ಡಿನ ಸುದ್ದಿಯೂ ನಿಂತಿತು. ಐದನೆಯದೋ ಆರನೆಯದೋ ಭಾನುವಾರ, ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತರು. ಅವರೂ ಒಂದು ಹಿಡಿ ಹರಡಿಕೊಂಡು ಕಲ್ಲು ಹುಡುಕತೊಡಗಿದರು.

"ಏನೇ, ನಾನು ನಿದ್ದೇಲಿ ಮಾತಾಡ್ತೀನಾ?"

"ಯಾಕೆ?"

"ಅಲ್ಲಿನ ಮಾತು ನಾನು ಎಚ್ಚರವಾಗಿದ್ದಾಗ ಆಡಿಲ್ಲ. ಅದು ಖಂಡಿತ. ನಿದ್ದೇಲಿ ಏನಾದ್ರೂ ಬಡಬಡಿಸಿರ್ಬೋದಾ ಅಂತ."

ಅಷ್ಟು ದಿನ ಈ ಮನುಷ್ಯ ತನ್ನ ನಿದ್ದೆಯನ್ನೇ ಅನುಮಾನಿಸುತ್ತಿದ್ದರು. ನನ್ನನ್ನಲ್ಲ. ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ನೀವು ನಿದ್ದೇಲಿ ಮಾತಾಡಲ್ಲ. ನಾನೇ ಕೇಳಿಸ್ಕೊಂಡೆ. ಅಕ್ಕನ ಮನೆ ಮಹಡಿ ಮೇಲೆ, ಕಿಟಕಿ ಕೆಳಗೆ ಕೂತು."

ಅವರ ಬೆರಳು ಅಕ್ಕಿಯಲ್ಲಿ ನಿಂತಿತು.

"ಯಾವತ್ತು?"

"ಸಂಡಿಗೆ ಹಾಕಿದ ದಿನ."

"ಹಾಗಾದ್ರೆ ನಾನು ಹೇಳಿದ್ದೂ..."

"ಕೇಳಿಸ್ತು."

"ಹೆಸರೂ?"

"ಹೆಸರೂ."

ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವರು ಮೊರದಿಂದ ಕಣ್ಣೆತ್ತದೆ ಕೇಳಿದರು. "ಚೆನ್ನಾಗಿತ್ತಾ?"

"ಚೆನ್ನಾಗಿತ್ತು," ಎಂದೆ. ಇಬ್ಬರೂ ಅಲ್ಲೇ ಅಕ್ಕಿಯ ಮುಂದೆ ಕೂತು ಅತ್ತೆವು. ಒಂದಷ್ಟು ಹೊತ್ತಾದ ಮೇಲೆ, "ನನಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ನಿನ್ನ ಮುಂದೆ ಹೇಳಿದ್ರೆ ನೀನು ಅಳ್ತಿದ್ದೆ. ನಾನು ನಿನ್ನ ಸಮಾಧಾನ ಮಾಡ್ಬೇಕಾಗ್ತಿತ್ತು. ಅಲ್ಲಾದ್ರೆ ನಾನು ಅಳಬೋದಿತ್ತು."

ಅವರಿಗೆ ಸಿಟ್ಟು ಬಂದದ್ದು ಮಾರನೆಯ ದಿನ. ಡ್ಯೂಟಿಗೆ ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು. "ನನ್ನ ಮಾತು ಕೇಳಿದ್ದಕ್ಕೆ ನಂಗೆ ಬೇಜಾರಿಲ್ಲ. ಆ ಮನುಷ್ಯನ ಮಾತು ಎತ್ಕೊಂಡು ಹೋಗಿ ಅವರ ಮನೇಲೇ ಹಾಕಿದ್ಯಲ್ಲ, ಅದು ತಪ್ಪು. ನಾನು ಹೋಗಿ ಹೇಳಲ್ಲ. ನೀನೇ ಹೇಳ್ಬೇಕು." ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಮೂರನೆಯ ದಿನ ಸ್ಕೂಲು ಬಿಟ್ಟ ಮೇಲೆ ಮಂಡಿಗೆ ಹೋದೆ. ಸಾಹುಕಾರರು ಗಾದಿಯ ಮೇಲೆ ಕೂತಿದ್ದರು. ನನ್ನ ಮುಖ ನೋಡಿ ಗುಮಾಸ್ತನನ್ನು ಹೊರಗೆ ಕಳಿಸಿದರು.

"ಸಾಹುಕಾರ್ರೇ, ಆ ಮಾತು ನಿಮ್ಮ ಸೋದರರು ಯಾರೂ ಹೇಳಿದ್ದಲ್ಲ. ನಾನು ಹೇಳಿದ್ದು."

"ಕದ್ದು ಕೇಳುದ್ರಾ?"

"ಹೂಂ."

"ಯಾಕ್ರಮ್ಮಾ?"

"ಹೊಟ್ಟೆಕಿಚ್ಚಿಗೆ."

ಅವರು ನನ್ನನ್ನೇ ದಿಟ್ಟಿಸಿ ನೋಡಿದರು. "ಮೂರು ಮಹಡಿ ಮನೆ ಕಟ್ಟಿದ್ದಕ್ಕೆ ಹೊಟ್ಟೆಕಿಚ್ ಪಟ್ಟೋರ್ನ ಕಂಡಿವ್ನಿ. ಓದಕ್ ಬರ್ದೆ ಇರೋನ ಮೇಲೂ ಪಡ್ತಾರಾ?" ಎಂದರು. ನಗು ಬಂತು ಅವರಿಗೆ, ಆದರೆ ನೋವೂ ಇತ್ತು. "ನೀವ್ ಮಾಡಿದ್ದು ಸಣ್ಣ ತಪ್ಪಲ್ಲ ಟೀಚರಮ್ಮ. ಮನೇಲಿ ತಲೆ ಎತ್ತಕ್ಕಾಗ್ತಿಲ್ಲ ನಂಗೆ. ದಂಡ ಅಂತ ತಿಳ್ಕೊಳಿ. ನಂಗೆ ಅಕ್ಷರ ಕಲ್ಸಿ."

ನಾನು ನಾಲ್ಕು ದಿನ ಹೋದೆ. ಸಂಜೆ ಹೊತ್ತು ಅವರ ಪಡಸಾಲೆಯಲ್ಲಿ ಸ್ಲೇಟು ಹಿಡಿದು ಅ ಆ ಬರೆಸಿದೆ. ಅಷ್ಟು ದೊಡ್ಡ ಮನುಷ್ಯ, ಬಳಪವನ್ನು ಮಗುವಿನಂತೆ ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ಜೊತೆ ಮಾತು ಬಿಟ್ಟಿದ್ದರು. ನಾಲ್ಕನೇ ದಿನ ನಾನು ಸಾಹುಕಾರರ ಕೈ ಹಿಡಿದು ಕ ತಿದ್ದಿಸಿದೆ. ಐದನೇ ದಿನ ಅಕ್ಕ ಬಾಗಿಲಲ್ಲೇ ನನ್ನನ್ನು ತಡೆದರು.

"ಇನ್ಮೇಲೆ ನೀವು ಬರ್ಬೇಡಿ ಟೀಚರಮ್ಮ. ನಾನೂ ಐದ್ನೇ ಕ್ಲಾಸ್ ಓದಿದ್ದೀನಿ. ನಮ್ಮೋರಿಗೆ ನಾನೇ ಕಲಿಸ್ತೀನಿ."

ಅವರ ಕಣ್ಣಿನಲ್ಲಿ ಏನಿದೆ ಎಂದು ನನಗಿಂತ ಚೆನ್ನಾಗಿ ಗುರುತಿಸಬಲ್ಲವರು ಕಡೂರಿನಲ್ಲಿ ಬೇರೆ ಯಾರೂ ಇರಲಿಲ್ಲ. ಹಿಂದಿರುಗಿ ಬಂದೆ.

ಆಮೇಲೆ ದಿನಾ ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ ಕಾಣುತ್ತಿತ್ತು. ಜಗಲಿಯ ಮೇಲೆ ಗಂಡ ಹೆಂಡತಿ ಒಂದೇ ಪೇಪರಿನ ಮೇಲೆ ಬಗ್ಗಿರುತ್ತಿದ್ದರು. ಅಕ್ಕನ ಬೆರಳು ಅಕ್ಷರದ ಕೆಳಗೆ ಸರಿಯುವುದು, ಸಾಹುಕಾರರ ತುಟಿ ಅದರ ಹಿಂದೆ ಹೋಗುವುದು. ತಪ್ಪಿದರೆ ಅಕ್ಕ ಅವರ ಮಣಿಕಟ್ಟಿನ ಮೇಲೆ ಪಟ್ಟನೆ ಹೊಡೆಯುವರು. ಇಬ್ಬರೂ ನಗುವರು. ಅವರ ಮನೆಯ ಮುಚ್ಚಿದ ಬಾಗಿಲನ್ನು ನಾನೇ ಒದ್ದು ತೆರೆದಿದ್ದೆ, ಅವರಿಗೆ ಅದರಿಂದ ಇಂಥ ಬೆಳಗು ಸಿಕ್ಕಿತ್ತು. ನಾನು ರಸ್ತೆಯ ಆ ಬದಿಗೆ ದಾಟಿ ನಡೆಯತೊಡಗಿದೆ.

ಸಾಹುಕಾರರು ಹಿರಿಯಣ್ಣನಿಗೆ ನಿಜ ತಿಳಿಸಿದರು, ಆದರೆ ಮಂಡಳಿಗೆ ಮರಳಲಿಲ್ಲ. "ನಂಗೀಗ ಕೂತ್ ಮಾತಾಡಕ್ಕೆ ಮನೇಲೇ ಜನ ಅವ್ರೆ," ಎಂದರಂತೆ. ಕೋಣೆಯಲ್ಲಿ ಕೊಬ್ಬರಿ ತುಂಬಿಸಿದರು. ಹಿರಿಯಣ್ಣ ಕೊಡೆ ಹಿಡಿದುಕೊಂಡು ನಮ್ಮ ಮನೆಗೆ ನಡೆದು ಬಂದರು. ನನ್ನ ಗಂಡನ ಕೈ ಹಿಡಿದು, "ನಿನ್ನ ಹೊರಗೆ ನಿಲ್ಲಿಸಿದ್ದು ನನ್ನ ತಪ್ಪಪ್ಪಾ," ಎಂದರು. ನನಗೇನೂ ಅನ್ನಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು.

"ಹೆಂಗಸರು ಯಾಕೆ ಬರಬಾರದು ನಿಮ್ಮ ಸಭೆಗೆ?" ಎಂದು ನಾನೇ ಕೇಳಿದೆ.

ಅವರು ಕಾಫಿಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಯೋಚಿಸಿದರು. "ನಾನು ಸೇರ್ದಾಗ್ಲೂ ಹೀಗೇ ಇತ್ತಮ್ಮಾ. ಯಾಕೆ ಅಂತ ಕೇಳ್ಬೇಕು ಅನ್ನೋದೇ ನಂಗೆ ಹೊಳೀಲಿಲ್ಲ." ಅಷ್ಟು ಹೇಳಿ, ಕಾಫಿ ಚೆನ್ನಾಗಿದೆ ಎಂದರು.

ಮಂಡಳಿ ತರೀಕೆರೆಯಲ್ಲೇ ಉಳಿಯಿತು. ಮೊದಲು ನನ್ನ ಗಂಡ ಹತ್ತು ನಿಮಿಷದ ದೂರದಲ್ಲಿದ್ದರು. ಈಗ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ನನ್ನ ಕಿಚ್ಚು ನನಗೆ ಮಾಡಿಕೊಟ್ಟ ಲಾಭ ಅದು. ಅಲ್ಲಿ ಮಂಡಳಿ ಬೆಳೆಯಿತು. ಜಮೀನಿನ ವ್ಯಾಜ್ಯದಿಂದ ಮಾತು ಬಿಟ್ಟಿದ್ದ ಅಮೃತಾಪುರದ ಅಣ್ಣತಮ್ಮಂದಿರಿಬ್ಬರು ಬೇರೆಬೇರೆಯಾಗಿ ಬಂದು ಸೇರಿ, ಒಳಗೆ ಮಾತ್ರ ಸೋದರಾ ಎಂದು ಕರೆದುಕೊಳ್ಳುತ್ತಿದ್ದರಂತೆ. ಇಂಥ ಸುದ್ದಿಯನ್ನು ಮಾತ್ರ ನನಗೆ ಹೇಳುತ್ತಿದ್ದರು, ಕುರ್ಚಿಯ ಮಾತನ್ನಲ್ಲ. ಸಾಹೇಬರ ಮನೆಯ ಹಾಲು ಶ್ಯಾವಿಗೆಯ ಶೀರ್ ಕುರ್ಮಾ ಹೊಗಳುತ್ತಾ ಬಂದ ದಿನ ನಾನು ಪಾಯಸ ಮಾಡಿದ್ದೆ. ಅರ್ಧ ಲೋಟ ಬಿಟ್ಟರು.

ಎಂಬತ್ತರ ದಶಕದ ಮೊದಲಿಗೆ ಅವರಿಗೆ ಅಜ್ಜಂಪುರಕ್ಕೆ ವರ್ಗವಾಯಿತು. ಒಂದು ವರ್ಷ ಓಡಾಡಿ ನಾನೂ ಅಲ್ಲಿನ ಸ್ಕೂಲಿಗೆ ಹಾಕಿಸಿಕೊಂಡೆ. ಅಲ್ಲಿ ಮಂಡಳಿಯ ಶಾಖೆ ತೆರೆದವರು ಅವರೇ. ಜಾಗ ಸಿಗುವವರೆಗೆ ಎಂದು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಸೇರತೊಡಗಿದರು. ಜಾಗ ಎಂದೂ ಸಿಗಲಿಲ್ಲ. ನನ್ನ ಮನೆಯ ಬಾಗಿಲೇ ನನಗೆ ಮುಚ್ಚುವಂತಾಯಿತು. ಮೂರು ಗಂಟೆಗೆ ಬಾಗಿಲು ಹಾಕಿದ ಕೂಡಲೇ ನಾನು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಕೇಳಿಸಬಾರದು ಎಂದು. ಬಾವಿಕಟ್ಟೆಯ ಮೇಲೆ ಕೂತರೂ ಕಿವಿ ಮಾತ್ರ ಮನೆಯ ಕಡೆಗೇ.

ಅಲ್ಲಿನ ಸೋದರರಲ್ಲಿ ಹೊಸದಾಗಿ ಮದುವೆಯಾದ ಹುಡುಗನೊಬ್ಬನಿದ್ದ. ಬ್ಯಾಂಕಿನ ಗುಮಾಸ್ತ. ಅವನ ಹೆಂಡತಿ ಭಾನುವಾರ ಅವನ ಜೊತೆಗೇ ಬಂದು ಹಿತ್ತಲಿನಲ್ಲಿ ನನ್ನ ಹತ್ತಿರ ಕೂರುತ್ತಿದ್ದಳು. ಒಂದು ದಿನ ಇಬ್ಬರೂ ಹಿತಕಿದ ಬೇಳೆಗೆಂದು ನೆನೆದ ಅವರೆಕಾಳು ಹಿಸುಕುತ್ತಿದ್ದೆವು.

"ಆಂಟಿ, ನಿಮ್ಮೋರು ಹೋದ್ವಾರ ಒಳಗೆ ನಿಮ್ ವಿಷ್ಯ ಹೇಳಿದ್ರಂತೆ ಕಣ್ರೀ," ಎಂದಳು.

"ನಿಂಗೆ ಹೇಗೆ ಗೊತ್ತು?"

"ನಮ್ಮೋರು ನಂಗೆಲ್ಲಾ ಹೇಳ್ತಾರೆ. ದಾರೀಲಿ ಹೋಗ್ತಾ ಹೋಗ್ತಾನೇ ಹೇಳ್ಬಿಡ್ತಾರೆ. ಹೊಟ್ಟೇಲಿ ಒಂದ್ ಮಾತ್ ನಿಲ್ಲಲ್ಲ ಅವ್ರಿಗೆ." ನಕ್ಕಳು. "ಏನಂದ್ರು ಅಂತ ಹೇಳ್ಲಾ?"

ಅವಳ ಮುಖ ನೋಡಿದೆ. ಇಪ್ಪತ್ತೆರಡು ವರ್ಷದ ಹುಡುಗಿ, ಮದುವೆಯಾಗಿ ಏಳು ತಿಂಗಳು. ಮಾತು ಕೊಟ್ಟು ಮುರಿಯುವ ಗಂಡ ಅವಳಿಗೆ ಸಿಕ್ಕಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು.

"ಬೇಡ ಕಣಮ್ಮಾ," ಎಂದೆ. "ನಂಗೆ ಹೇಳಿದ್ದನ್ನ ಇನ್ಯಾರಿಗೂ ಹೇಳ್ಬೇಡ. ಅವನು ಹೇಳ್ತಾನೆ ಅನ್ನೋದನ್ನೂ ಹೇಳ್ಬೇಡ." ಅವಳಿಗೆ ಅರ್ಥವಾಗಲಿಲ್ಲ, ತಲೆಯಾಡಿಸಿದಳು. ಆ ಹುಡುಗನ ವಿಷಯವನ್ನು ನಾನೂ ಯಾರಿಗೂ ಹೇಳಲಿಲ್ಲ.

ಬೇಡ ಎಂದದ್ದೇನೋ ಸರಿ, ಮೂರು ದಿನ ನನಗೆ ಊಟ ಸೇರಲಿಲ್ಲ. ಏನು ಹೇಳಿರಬಹುದು? ಹಿಂದಿನದ್ದನ್ನು, ಸಂಡಿಗೆಯ ದಿನದ್ದನ್ನು ಈ ಹೊಸಬರ ಮುಂದೆ ಎತ್ತಿ ಆಡಿದರೇ? ನಾಲ್ಕನೇ ದಿನ ಸಂಜೆ ಅವರು ಕೈಕಾಲು ತೊಳೆದು ಬಂದಾಗ ನೇರವಾಗಿ ಕೇಳಿದೆ.

"ಒಳಗೆ ನನ್ನ ವಿಷ್ಯ ಏನ್ ಹೇಳಿದ್ರಿ?"

ಯಾರು ಹೇಳಿದರು ಎಂದು ಅವರು ಕೇಳಬೇಕಿತ್ತು. ಕೇಳಲಿಲ್ಲ. ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಹೊಸಿಲ ಮೇಲೆ ಕೂತರು.

"ನಂಗೆ ಬಡ್ತಿ ಬಂದಿತ್ತು ಕಣೇ. ಹುಬ್ಬಳ್ಳಿಗೆ ಹೋಗ್ಬೇಕಿತ್ತು. ಬೇಡ ಅಂತ ಬರ್ಕೊಟ್ಟೆ."

"ಯಾಕೆ?"

"ನೀನು ಈಗ್ತಾನೆ ಇಲ್ಲಿಗೆ ಹಾಕಿಸ್ಕೊಂಡಿದ್ದೀಯ. ಆ ಸ್ಕೂಲು ನಿಂಗೆ ಒಗ್ಗಿದೆ. ಮತ್ತೆ ನಿನ್ನ ಎಬ್ಬಿಸೋದು ಬೇಡ ಅನ್ನಿಸ್ತು. ಮಾಡಿದ್ದು ಸರೀನೋ ತಪ್ಪೋ ಅಂತ ಅವ್ರನ್ನ ಕೇಳ್ದೆ."

"ನನ್ನ ಕೇಳ್ಬೋದಿತ್ತಲ್ಲ?"

"ಕೇಳಿದ್ರೆ ನೀನು ಹೋಗೋಣ ಅಂತಿದ್ದೆ."

ಹೌದು, ಹಾಗೇ ಅನ್ನುತ್ತಿದ್ದೆ. ನನಗೋಸ್ಕರ ಒಬ್ಬರು ಇಷ್ಟು ದೊಡ್ಡದನ್ನು ಬಿಟ್ಟರು ಎನ್ನುವ ಸಂತೋಷ ಎದೆಯಲ್ಲಿ ಏಳುತ್ತಿತ್ತು. ಅದು ಪೂರ್ತಿ ಏಳುವ ಮುಂಚೆಯೇ ನನ್ನ ಬಾಯಿಂದ ಬಂತು.

"ಅವತ್ತು ಒಳಗೆ ಎಷ್ಟು ಜನ ಇದ್ರು?"

"ನನ್ನ ಬಿಟ್ಟು ಹತ್ತು ಜನ. ಯಾಕೆ?"

"ಸುಮ್ನೆ," ಎಂದೆ.

ಹತ್ತು ಜನ ಸೋದರರು, ಆಮೇಲೆ ಆ ಹುಡುಗಿ. ಈ ಮಾತು ಕೇಳಿದವರಲ್ಲಿ ನಾನು ಹನ್ನೆರಡನೆಯವಳು. ಸಿಟ್ಟಾ ಎಂದು ಅವರು ಕೇಳಿದರು. ಇಲ್ಲ ಎಂದು ಹೇಳಿ, ತಟ್ಟೆ ಹಾಕಲು ಒಳಗೆ ಹೋದೆ.